ಹಳೇ ಬಾಡಿಗೆ ರಸೀದಿ ಮತ್ತು ಪಬ್ಲಿಕ್ ಪಾಲಿಸಿ: ಸರಕಾರ ನಡೆಸೋಕೆ ಇತಿಹಾಸ ಯಾಕೆ?

ಪ್ರಶ್ನೆ: ಸರ್, ನಾವು ಮುಂಬೈನ ಲಾಲ್‌ಬಾಗ್‌ನಲ್ಲಿ ಒಂದು ಹಳೇ ಚಾಳಿನಲ್ಲಿ, ಅಂದರೆ ಸಾಲು ಖೋಲಿಗಳ ಬಾಡಿಗೆ ಕಟ್ಟಡದಲ್ಲಿದ್ದೇವೆ. ಮಾವನವರು ಕುಂದಾಪುರದ ಕಡೆಯಿಂದ ಬಂದು, ಹೋಟೆಲಲ್ಲಿ ದುಡಿದು, ಪಗಡಿ (ಬಾಡಿಗೆಗೆ ಹಿಡಿಯುವಾಗ ಮಾಲೀಕನಿಗೆ ಒಂದೇ ಸಲ ಕೊಡುವ ದೊಡ್ಡ ಮೊತ್ತ) ಕೊಟ್ಟು ಹಿಡಿದ ಖೋಲಿ ಇದು. ಮಗ ಪುಣೆಯಲ್ಲಿ ಪಬ್ಲಿಕ್ ಪಾಲಿಸಿ ಎಂ.ಎ. ಓದುತ್ತಿದ್ದಾನೆ. ಈ ಸಲ ಇತಿಹಾಸದ್ದೊಂದು ಪೇಪರ್ ಇದೆಯಂತೆ. "ಸುಮ್ನೆ ಟೈಂ ವೇಸ್ಟ್ ಅಮ್ಮಾ, ಪಾಲಿಸಿಗೆ ಬೇಕಾಗಿರೋದು ಡೇಟಾ, ಯಾವ ರಾಜ ಯಾವಾಗ ಸತ್ತ ಅನ್ನೋದಲ್ಲ" ಅನ್ನುತ್ತಾನೆ. ನಮ್ಮ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವ ಮಾತು ಬಂದಾಗಲೂ, "ಇಷ್ಟು ಕಮ್ಮಿ ಬಾಡಿಗೆ ಕೊಟ್ಟು ಕೂತಿರೋದು ನಮ್ಮದೇ ತಪ್ಪು" ಅಂತ ವಾದ ಮಾಡುತ್ತಾನೆ. ನನಗೆ ಉತ್ತರ ಹೊಳೆಯಲಿಲ್ಲ. ನಿಜವಾಗಲೂ ಸರಕಾರ ನಡೆಸೋದಕ್ಕೆ ಇತಿಹಾಸದಿಂದ ಏನಾದರೂ ಉಪಯೋಗ ಇದೆಯಾ? ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಂತೂ ಇತಿಹಾಸ ಅಂದರೆ ಬರೀ ಜಗಳ.

ಉತ್ತರ:

ನಮಸ್ಕಾರ ಅಮ್ಮ. ನಿಮ್ಮ ಮಗ ಅರ್ಧ ಸರಿ ಹೇಳಿದ್ದಾನೆ. ರಾಜ ಸತ್ತ ತಾರೀಖು ಗೊತ್ತಿದ್ದರೆ ಗಟಾರ ಕಟ್ಟೋಕೆ ಬರೋದಿಲ್ಲ. ನಾನು ಮುಂಬೈ ಕಾಲೇಜುಗಳಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು. ತಾರೀಖು ಬಾಯಿಪಾಠ ಮಾಡಿಸಿದ ಪಾಪದಲ್ಲಿ ನನ್ನದೂ ಪಾಲಿದೆ. ಆದರೆ ಉಳಿದ ಅರ್ಧ ಇದೆಯಲ್ಲ, ಅದಕ್ಕೆ ಉತ್ತರ ನೀವು ಕೂತು ಈ ಪ್ರಶ್ನೆ ಬರೆದ ಖೋಲಿಯಲ್ಲೇ ಇದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ನಿಮ್ಮ ಬಾಡಿಗೆ ಯಾಕೆ ಇಷ್ಟು ಕಮ್ಮಿ? 1918ರಲ್ಲಿ ಮೊದಲ ಮಹಾಯುದ್ಧ ನಡೀತಿತ್ತು. ಗಿರಣಿಗಳು ಭರ್ತಿ ಓಡುತ್ತಿದ್ದವು, ಊರಿಗೆ ಜನ ಬಂದು ಬೀಳುತ್ತಿದ್ದರು, ಮನೆ ಮಾಲೀಕರು ಬಾಯಿಗೆ ಬಂದ ಬಾಡಿಗೆ ಕೇಳುತ್ತಿದ್ದರು. ಆಗ ಸರಕಾರ ಯುದ್ಧದ ಸಲುವಾಗಿ ಅಂತ ಒಂದು ತಾತ್ಕಾಲಿಕ ಬಾಡಿಗೆ ಕಾನೂನು ತಂತು. ಎರಡನೇ ಯುದ್ಧ ಬಂದಾಗ ಮತ್ತೆ ಅದೇ ಕತೆ. ಆಮೇಲೆ 1947. ದೇಶ ಒಡೆದು ನಿರಾಶ್ರಿತರು ಬಂದರು, ಮನೆಗಳಿಲ್ಲ, ಸಿಮೆಂಟಿಲ್ಲ. ಆ ವರ್ಷದ ಬಾಂಬೆ ಬಾಡಿಗೆ ಕಾನೂನು ಏನು ಮಾಡಿತು ಅಂದರೆ, 1940ರ ಸೆಪ್ಟೆಂಬರ್ 1ಕ್ಕೆ ಆ ಮನೆಗೆ ಎಷ್ಟು ಬಾಡಿಗೆ ಇತ್ತೋ ಅದನ್ನೇ ಹಿಡಿದು ಗೂಟ ಹೊಡೆದುಬಿಟ್ಟಿತು. ಇದೂ ಕೆಲವೇ ವರ್ಷಗಳ ತಾತ್ಕಾಲಿಕ ಕಾನೂನು. ಅವಧಿ ಮುಗಿಯುತ್ತಾ ಬಂದಾಗಲೆಲ್ಲ ಮುಂದೂಡಿದರು, ಮತ್ತೆ ಮುಂದೂಡಿದರು, ಇಪ್ಪತ್ತಕ್ಕೂ ಹೆಚ್ಚು ಸಲ ಮುಂದೂಡಿದರು. ಮಳೆ ನಿಂತರೂ ಮರದ ಹನಿ ನಿಲ್ಲಲಿಲ್ಲ ಅಂತೀವಲ್ಲ, ಹಾಗೆ. ಹೊಸ ಕಾನೂನು ಬಂದದ್ದು 1999ರಲ್ಲಿ, ಜಾರಿಯಾದದ್ದು 2000ದ ಮಾರ್ಚ್ 31ಕ್ಕೆ. ಅದರಲ್ಲೂ ವರ್ಷಕ್ಕೆ ಶೇ. 4ರಷ್ಟು ಏರಿಸಬಹುದು ಅಂತ ಇದೆ, ಆದರೆ ತಳದಲ್ಲಿರುವ ಮೊತ್ತವೇ ಚಿಲ್ಲರೆ ಕಾಸಾದರೆ ಶೇ. 4 ಏರಿಸಿ ಏನು ಬಂತು?

ಮಾಲೀಕರಿಗೆ ಬಾಡಿಗೆಯಲ್ಲಿ ಬಣ್ಣದ ಖರ್ಚೂ ಹುಟ್ಟಲಿಲ್ಲ. ರಿಪೇರಿ ನಿಂತಿತು. ಮಳೆಗಾಲಕ್ಕೊಂದು ಕಟ್ಟಡ ಬೀಳೋಕೆ ಶುರುವಾಯಿತು. 1969ರಲ್ಲಿ ರಿಪೇರಿ ಮಂಡಳಿ ಅಂತ ಮಾಡಿ, ಬಾಡಿಗೆದಾರರಿಂದ ಸೆಸ್ ಅನ್ನೋ ತೆರಿಗೆ ಎತ್ತಿ, ಸರಕಾರವೇ ಗಾರೆ ಕೆಲಸಕ್ಕೆ ಇಳಿಯಿತು. ಆಗ ಅದರ ಪಟ್ಟಿಗೆ ಬಂದ ಕಟ್ಟಡಗಳು 19 ಸಾವಿರಕ್ಕೂ ಜಾಸ್ತಿ. ಇತ್ತ ಮಾಲೀಕರು ಬಾಡಿಗೆಯಲ್ಲಿ ಹೋದದ್ದನ್ನು ಪಗಡಿಯಲ್ಲಿ ವಸೂಲಿ ಮಾಡಿದರು. ತಮಾಷೆ ಏನಂದರೆ 1947ರ ಕಾನೂನಿನ ಪ್ರಕಾರ ಪಗಡಿ ತೆಗೆದುಕೊಳ್ಳೋದು ಅಪರಾಧ. ಎಲ್ಲರೂ ಕೊಟ್ಟರು, ಎಲ್ಲರೂ ತಗೊಂಡರು, ಕಾಗದದಲ್ಲಿ ಮಾತ್ರ ಯಾರೂ ಬರೆಯಲಿಲ್ಲ. 1999ರ ಕಾನೂನು ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ನಡುವೆ 1997ರಲ್ಲಿ ಸುಪ್ರೀಂ ಕೋರ್ಟ್, ಒಂದು ಕಾಲಕ್ಕೆ ನ್ಯಾಯವಾಗಿದ್ದ ಈ ಗೂಟ ಹೊಡೆದ 'ಸ್ಟ್ಯಾಂಡರ್ಡ್' ಬಾಡಿಗೆ ಕಾಲ ಕಳೆದಂತೆ ನ್ಯಾಯವಾಗಿ ಉಳಿದಿಲ್ಲ ಅಂತ ಹೇಳಿತು. ಆ ಕೇಸಿನ ಹೆಸರು ಮಲ್ಪೆ ವಿಶ್ವನಾಥ ಆಚಾರ್ಯ ವರ್ಸಸ್ ಮಹಾರಾಷ್ಟ್ರ ಸರಕಾರ. ಹೆಸರಲ್ಲೇ ನಮ್ಮ ಮಲ್ಪೆ ಕೂತಿದೆ ನೋಡಿ.

ಈಗ ನಿಮ್ಮ ಮಗನ ಡೇಟಾಕ್ಕೆ ಬರೋಣ. ಎಕ್ಸೆಲ್ ಶೀಟಿನಲ್ಲಿ ನಿಮ್ಮ ಖೋಲಿಯ ಬಾಡಿಗೆ ಒಂದು ಕಾಲಂ, ಪಕ್ಕದ ಟವರಿನ ಬಾಡಿಗೆ ಇನ್ನೊಂದು ಕಾಲಂ. ಎರಡೂ ನಿಜವಾದ ಅಂಕಿಗಳೇ. ನೋಡಿದವರಿಗೆ ನೀವು ಬಿಟ್ಟಿ ಕೂತಿದ್ದೀರಿ ಅನಿಸುತ್ತದೆ. ಆದರೆ ನಿಮ್ಮ ಮಾವ ಎಷ್ಟೋ ವರ್ಷ ಹೋಟೆಲಿನ ಹೊಗೆ ಕುಡಿದು ಕೂಡಿಟ್ಟ ದುಡ್ಡನ್ನು ಒಂದೇ ಗಂಟಾಗಿ ಕೊಟ್ಟಿದ್ದಾರಲ್ಲ, ಆ ಪಗಡಿಗೆ ಯಾವ ಕಾಲಮ್ಮೂ ಇಲ್ಲ. ಮಾಲೀಕನ ಅಪ್ಪ ಅರವತ್ತು ವರ್ಷ ಕಳಕೊಂಡ ಆದಾಯಕ್ಕೂ ಕಾಲಂ ಇಲ್ಲ. ಇಬ್ಬರೂ ಒಂದೇ ಕಾನೂನಿನ ಮಕ್ಕಳು, ಒಬ್ಬರು ಇನ್ನೊಬ್ಬರನ್ನು ಕಳ್ಳ ಅಂತ ನೋಡುತ್ತಿದ್ದಾರೆ ಅಷ್ಟೇ. ಪಾಲಿಸಿ ಬರೆಯೋನಿಗೆ ಈ ಕತೆ ಗೊತ್ತಿಲ್ಲದಿದ್ದರೆ ಅವನು ಯಾರದ್ದೋ ಒಬ್ಬರ ಹೊಟ್ಟೆಗೆ ಹೊಡೆಯುತ್ತಾನೆ. ನ್ಯಾಯ ಮಾಡಿದೆ ಅಂತ ನೆಮ್ಮದಿಯಾಗಿ ಮಲಗುತ್ತಾನೆ ಬೇರೆ.

ನನ್ನ ಪ್ರಕಾರ ಇತಿಹಾಸ ಸರಕಾರಕ್ಕೆ ಮಾಡುವ ದೊಡ್ಡ ಉಪಕಾರ ಇಷ್ಟೇ: ಕಣ್ಣೆದುರಿಗಿರುವ ನಿಯಮ ಹುಟ್ಟಿದ್ದು ಯಾಕೆ, ಆ ಕಾರಣ ಇನ್ನೂ ಬದುಕಿದೆಯಾ, ಅದನ್ನು ನಂಬಿಕೊಂಡು ಯಾರ್ಯಾರು ಸಂಸಾರ ಕಟ್ಟಿದ್ದಾರೆ ಅಂತ ಕೇಳಿಸೋದು. ಮುಂದೆ ಏನಾಗುತ್ತದೆ ಅಂತ ಇತಿಹಾಸ ಹೇಳೋದಿಲ್ಲ. ಅದು ಜ್ಯೋತಿಷ್ಯ ಅಲ್ಲವಲ್ಲ.

ಪ್ಲೇಗಿನ ಕತೆ ಹೇಳುತ್ತೇನೆ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಮುಂಬೈ, ಪುಣೆ ಎರಡೂ ಇದರಲ್ಲಿವೆ, ನಾವೂ ಇದ್ದೇವೆ.

1896ರ ಸೆಪ್ಟೆಂಬರ್. ಮುಂಬೈನ ಮಾಂಡ್ವಿ ಬಂದರಿನ ಹತ್ತಿರದ ಗೋದಾಮುಗಳ ಸುತ್ತ ಜನ ಜ್ವರ ಬಂದು, ಗಡ್ಡೆ ಎದ್ದು ಸಾಯುತ್ತಿದ್ದರು. ಇದು ಪ್ಲೇಗು ಅಂತ ಮೊದಲು ಗುರುತಿಸಿದವರು ಗೋವಾ ಮೂಲದ ಡಾಕ್ಟರ್ ಅಕಾಸಿಯೊ ವಿಯೆಗಾಸ್. ಸರಕಾರ ಗಾಬರಿ ಬಿತ್ತು. 1897ರ ಫೆಬ್ರವರಿ 4ಕ್ಕೆ ಸಾಂಕ್ರಾಮಿಕ ರೋಗ ಕಾನೂನು ಪಾಸಾಯಿತು. ನಾಲ್ಕೇ ಸೆಕ್ಷನ್. ಒಂದನೆಯದು ಹೆಸರು. ಎರಡನೆಯದು ಸರಕಾರ ಬೇಕಾದ ಕ್ರಮ ತಗೊಳ್ಳಬಹುದು ಅನ್ನೋದು. ಮೂರನೆಯದು ಮಾತು ಕೇಳದವರಿಗೆ ಶಿಕ್ಷೆ. ನಾಲ್ಕನೆಯದು, ಈ ಕಾನೂನಿನಡಿ ಒಳ್ಳೇ ಮನಸ್ಸಿನಿಂದ ಕೆಲಸ ಮಾಡಿದವರ ಮೇಲೆ ಕೇಸ್ ಹಾಕೋ ಹಾಗಿಲ್ಲ. ಇಷ್ಟೇ. ರೋಗಿಗೆ ಏನು ಕೊಡಬೇಕು, ಕೂಲಿ ಹೋದವನ ಮನೆ ಹೇಗೆ ನಡೀಬೇಕು ಅನ್ನೋ ಒಂದು ಸಾಲೂ ಅದರಲ್ಲಿ ಇಲ್ಲ.

ಪುಣೆಯಲ್ಲಿ ಪ್ಲೇಗ್ ಕಮಿಷನರ್ ರ್‍ಯಾಂಡ್ ಸೈನಿಕರನ್ನು ಮನೆಮನೆಗೆ ನುಗ್ಗಿಸಿದ. ದೇವರ ಕೋಣೆ, ಅಡುಗೆ ಮನೆ ಅಂತ ನೋಡಲಿಲ್ಲ. ಹೆಂಗಸರ ಮೈ ಪರೀಕ್ಷೆ, ಸಾಮಾನಿಗೆ ಬೆಂಕಿ, ರೋಗಿಯನ್ನು ಎಳಕೊಂಡು ಹೋಗೋದು. ಜನ ರೋಗಕ್ಕಿಂತ ಸರಕಾರಕ್ಕೇ ಜಾಸ್ತಿ ಹೆದರಿದರು. ಮನೆಯಲ್ಲಿ ಜ್ವರ ಬಂದವರನ್ನು ಬಚ್ಚಿಟ್ಟರು. ಬಚ್ಚಿಟ್ಟಲ್ಲೆಲ್ಲ ರೋಗ ಹಬ್ಬಿತು. 1897ರ ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರ ಮಹೋತ್ಸವದ ದಿನ, ಗಣೇಶಖಿಂಡ್ ರಸ್ತೆಯಲ್ಲಿ ಚಾಪೇಕರ್ ಸಹೋದರರು ರ್‍ಯಾಂಡ್‌ಗೆ ಗುಂಡು ಹೊಡೆದರು. 1898ರಲ್ಲಿ ಮುಂಬೈಯಲ್ಲಿ ಗಲಭೆ ಎದ್ದಿತು. ಕೊನೆಗೆ ಸರಕಾರವೇ ಬಲಾತ್ಕಾರದ ಕ್ರಮಗಳನ್ನು ಒಂದೊಂದಾಗಿ ಸಡಿಲ ಬಿಟ್ಟಿತು. ಅದೇ ಪುಣೆ, ಅದೇ ಪ್ಲೇಗು. ಊರ ಹೊರಗೆ ಸಾವಿತ್ರಿಬಾಯಿ ಫುಲೆ ತಮ್ಮ ಸಾಕುಮಗ ಡಾಕ್ಟರ್ ಯಶವಂತರ ಜೊತೆ ರೋಗಿಗಳ ಶುಶ್ರೂಷೆ ಮಾಡುತ್ತಿದ್ದರು. ಅಲ್ಲಿಗೆ ಯಾರನ್ನೂ ಬಂದೂಕು ತೋರಿಸಿ ಕರಕೊಂಡು ಬರಬೇಕಾಗಿರಲಿಲ್ಲ. ಅವರಿಗೂ ರೋಗ ಅಂಟಿ 1897ರ ಮಾರ್ಚ್ 10ರಂದು ತೀರಿಕೊಂಡರು.

ಇನ್ನು ಮುಂಬೈ. ಪ್ಲೇಗು ಬಂದ ಮೊದಲ ಕೆಲವು ತಿಂಗಳಲ್ಲೇ ಲಕ್ಷಗಟ್ಟಲೆ ಜನ ಊರು ಬಿಟ್ಟು ಓಡಿದರು, ರೈಲಿನಲ್ಲಿ, ಹಡಗಿನಲ್ಲಿ, ನಡಕೊಂಡೂ. ಗಿರಣಿಗಳಲ್ಲಿ ತಿಂಗಳ ಸಂಬಳವನ್ನೂ ವಾರಗಟ್ಟಲೆ ತಡೆದಿಟ್ಟು ಕೊಡುವ ಪದ್ಧತಿ ಇತ್ತು. ಕೆಲಸಗಾರ ಓಡಿಹೋಗದಿರಲಿ ಅಂತ. ಪ್ಲೇಗು ಬಂದಾಗ ಅದು ತಲೆಕೆಳಗಾಯಿತು. ಆವತ್ತಿನ ಕೂಲಿ ಆವತ್ತೇ ಕೈಗೆ ಕೊಟ್ಟರೆ ಮಾತ್ರ ನಿಲ್ಲುತ್ತೇವೆ ಅಂದರು ಕೆಲಸಗಾರರು. ಮಾಲೀಕರು ಕೊಡಲೇಬೇಕಾಯಿತು.

ಈಗ 2020ಕ್ಕೆ ಬನ್ನಿ. ಮಾರ್ಚ್‌ನಲ್ಲಿ ರಾಜ್ಯಗಳಿಗೆ ಕೇಂದ್ರ ಹೇಳಿದ್ದು ಇದೇ 1897ರ ಕಾನೂನಿನ ಎರಡನೇ ಸೆಕ್ಷನ್ ಬಳಸಿ ಅಂತ. ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆ, ಹನ್ನೆರಡಕ್ಕೆ ಬೀಗ. ನಾಲ್ಕು ಗಂಟೆ. ನಿಮ್ಮ ಲಾಲ್‌ಬಾಗ್, ಪರೇಲ್‌ನಲ್ಲೇ ನೀವು ನೋಡಿರುತ್ತೀರಿ. ಹೋಟೆಲಿನಲ್ಲೇ ಕೆಲಸ ಮಾಡಿ ಹೋಟೆಲಿನಲ್ಲೇ ಮಲಗುವ ನಮ್ಮ ಹುಡುಗರು, ವಿಜಯಪುರ, ಕಲಬುರಗಿ ಕಡೆಯ ಕಟ್ಟಡ ಕೂಲಿಗಳು, ಇವರೆಲ್ಲ ಒಂದು ವಾರ ಕಾದರು, ಕೈಯಲ್ಲಿ ಕಾಸು ಮುಗಿಯಿತು, ಊರ ದಾರಿ ಹಿಡಿದರು. ಇದು ಯಾರಿಗೂ ಗೊತ್ತಿರಲಿಲ್ಲ ಅನ್ನೋ ಮಾತನ್ನು ನಾನು ಒಪ್ಪೋದಿಲ್ಲ. ದುಡಿಯಲು ಬಂದವನಿಗೆ ಕೂಲಿ ನಿಂತು, ಭಯ ಹತ್ತಿದರೆ ಅವನು ಊರಿಗೇ ಹೋಗುತ್ತಾನೆ ಅನ್ನೋದು ಇದೇ ಮುಂಬೈಯಲ್ಲಿ 123 ವರ್ಷಗಳ ಹಿಂದೆಯೇ ಕಂಡಿತ್ತು. ಕೂಲಿ ಕೈಗೆ ಸಿಕ್ಕರೆ ನಿಲ್ಲುತ್ತಾನೆ ಅನ್ನೋದೂ ಕಂಡಿತ್ತು. ಹಳೇ ಕಾನೂನನ್ನು ಹುಡುಕಿ ತೆಗೆದರು, ಅದರ ಹಿಂದಿನ ಕತೆಯನ್ನು ಕಪಾಟಿನಲ್ಲೇ ಬಿಟ್ಟರು. ಆಮೇಲೆ ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆ ತಂದು, ಡಾಕ್ಟರು ನರ್ಸುಗಳ ಮೇಲೆ ಕೈ ಮಾಡಿದವರಿಗೆ ಕಠಿಣ ಶಿಕ್ಷೆ ಅಂತ ಸೇರಿಸಿದರು. ಬೇಕಾಗಿತ್ತು, ಸರಿಯೇ. ಆದರೆ ನೋಡಿ, ಹೊಸದಾಗಿ ಸೇರಿಸಿದ್ದು ಕೂಡ ಶಿಕ್ಷೆಯೇ.

ಒಂದು ಅಡ್ಡ ಮಾತು. ಪ್ಲೇಗಿನ ಹೆದರಿಕೆಯಿಂದಲೇ 1898ರಲ್ಲಿ ಮುಂಬೈ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿದ್ದು. ಊರ ನಡುವಿನ ಕಿಷ್ಕಿಂಧೆಗಳನ್ನು ಒಡೆದು ಅಗಲ ರಸ್ತೆ ಮಾಡಿತು, ಉತ್ತರಕ್ಕೆ ದಾದರ್–ಮಾಟುಂಗದಲ್ಲಿ ಹೊಸ ಬಡಾವಣೆ ಹಾಕಿತು. ದಕ್ಷಿಣದವರು ಹೋಗಿ ನೆಲೆ ನಿಂತದ್ದು ಅಲ್ಲೇ. ಅಂದರೆ ನಾವು ಮಾಟುಂಗದಲ್ಲಿ ಕೂತು ಮಸಾಲೆದೋಸೆ ತಿನ್ನೋದಕ್ಕೂ ಪ್ಲೇಗಿನ ಇಲಿಗೂ ಒಂದು ಎಳೆ ಸಂಬಂಧ ಇದೆ ಮಾರಾಯ್ರೆ! ಆದರೆ ಅದೇ ಟ್ರಸ್ಟ್ ಮೊದಲ ವರ್ಷಗಳಲ್ಲಿ ಕಟ್ಟಿದ ಮನೆಗಿಂತ ಕೆಡವಿದ ಮನೆಯೇ ಜಾಸ್ತಿ. ಮನೆ ಕಳಕೊಂಡ ಬಡವರು ಪಕ್ಕದ ಚಾಳುಗಳಲ್ಲಿ ಇನ್ನಷ್ಟು ಒತ್ತಿಕೊಂಡು ಕೂತರು. 'ಮೊದಲು ಕೆಡವೋಣ, ಆಮೇಲೆ ಕೊಡೋಣ' ಅಂತ ನಿಮ್ಮ ಬಿಲ್ಡಿಂಗಿಗೆ ಯಾರಾದರೂ ಬಂದರೆ ಇದನ್ನು ನೆನಪಿಡಿ.

ಇಷ್ಟು ಹೇಳಿದರೆ ನಿಮ್ಮ ಮಗ ಕೇಳುತ್ತಾನೆ: ಬರೀ ತಪ್ಪಿನ ಕತೆಯೇ ಆಯಿತಲ್ಲ, ಇತಿಹಾಸ ತಿಳಿದು ಯಾರಾದರೂ ಸರಿ ಮಾಡಿದ್ದು ಇದೆಯಾ? ಇದೆ. ಅದೂ ಮಹಾರಾಷ್ಟ್ರದ್ದೇ.

1876ರಿಂದ 78ರ ಬರಗಾಲ. ದಖ್ಖನ್ ಪೂರ್ತಿ ಒಣಗಿತ್ತು. ಪುಣೆ, ಸೊಲ್ಲಾಪುರ, ನಮ್ಮ ಕಡೆ ಆಗಿನ ಕಲಾದಗಿ ಜಿಲ್ಲೆ, ಅಂದರೆ ಈಗಿನ ವಿಜಯಪುರ–ಬಾಗಲಕೋಟೆ, ಇಲ್ಲೆಲ್ಲ ಪಾಡು ಹೇಳತೀರದು. ಆಗ ಪರಿಹಾರದ ಉಸ್ತುವಾರಿಗೆ ಬಂದವರು ಸರ್ ರಿಚರ್ಡ್ ಟೆಂಪಲ್. ಈ ಮನುಷ್ಯನ ಕತೆ ಕೇಳಿ. 1874ರಲ್ಲಿ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ, ಕೈಬಿಚ್ಚಿ ಖರ್ಚು ಮಾಡಿ, ಜನ ಸಾಯದ ಹಾಗೆ ನೋಡಿಕೊಂಡಿದ್ದರು. ಅದಕ್ಕೆ 'ದುಂದುಗಾರ' ಅಂತ ಬೈಗುಳ ಸಿಕ್ಕಿತು. ಜನ ಸಾಯಲಿಲ್ಲವಾದ್ದರಿಂದ ಬರವೇ ಅಷ್ಟು ದೊಡ್ಡದಿರಲಿಲ್ಲ ಅಂತ ಲೆಕ್ಕ ಹಾಕಿದರು. ಅದನ್ನು ಮನಸ್ಸಿಗೆ ಹಚ್ಚಿಕೊಂಡು 1877ರಲ್ಲಿ ದಕ್ಷಿಣಕ್ಕೆ ಬಂದವರು, ಇಡೀ ದಿನ ಕಲ್ಲು ಒಡೆಯೋ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕಿಲೋಗಿಂತ ಕಮ್ಮಿ, ಮೇಲೊಂದಿಷ್ಟು ಚಿಲ್ಲರೆ ಕಾಸು, ಇಷ್ಟೇ ಸಾಕು ಅಂತ ಕೂಲಿ ಇಳಿಸಿದರು. ಊರಿಂದ ದೂರದ ಕ್ಯಾಂಪಿಗೆ ಬಂದು ದುಡಿದರೆ ಮಾತ್ರ ಕೂಲಿ. ದೂರ ಇಟ್ಟರೆ ನಿಜವಾಗಿ ಹಸಿದವರು ಮಾತ್ರ ಬರುತ್ತಾರೆ ಅನ್ನೋ ತರ್ಕ. ಮುಂಬೈ ಪ್ರಾಂತ್ಯದಲ್ಲಿ ಕೂಲಿಗಳು ಗುಂಪುಗುಂಪಾಗಿ ಕೆಲಸ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭಾ ಅನ್ನೋ ಸಂಘಟನೆ ಅವರ ಬೆನ್ನಿಗೆ ನಿಂತು, ಊರೂರಿನ ಸುದ್ದಿ ತರಿಸಿ ಸರಕಾರಕ್ಕೆ ಬರೆಯಿತು. ನನಗೆ ಇದರಲ್ಲಿ ಎದ್ದು ಕಾಣೋದು ಟೆಂಪಲ್ ಸಾಹೇಬರೇ. ಅವರಿಗೆ ಇತಿಹಾಸ ಗೊತ್ತಿತ್ತು, ಅವರದೇ ಇತಿಹಾಸ, ಎರಡು ಮೂರು ವರ್ಷ ಹಿಂದಿನದು. ಅದರಿಂದ ಕಲಿತದ್ದು ಮಾತ್ರ ಉಲ್ಟಾ ಪಾಠ. ಇದಕ್ಕೇ ನಾನು ಹೇಳೋದು, ಹಿಂದಿನದು ಗೊತ್ತಿದ್ದರೆ ಸಾಲದು ಅಂತ.

ಲಕ್ಷಾಂತರ ಜನ ಸತ್ತ ಮೇಲೆ ಬರಗಾಲ ಆಯೋಗ ಕೂತಿತು, 1880ರಲ್ಲಿ ವರದಿ ಬಂತು, ಅದರಿಂದ ಬರಗಾಲ ಸಂಹಿತೆಗಳು ಹುಟ್ಟಿದವು. ಯಾವ ಲಕ್ಷಣ ಕಂಡರೆ ಎಚ್ಚೆತ್ತುಕೊಳ್ಳಬೇಕು, ಯಾವಾಗ ಕಾಮಗಾರಿ ತೆರೆಯಬೇಕು, ದುಡಿಯಲಾಗದವರಿಗೆ ಏನು ಮಾಡಬೇಕು, ಎಲ್ಲ ಬರೆದಿಟ್ಟ ಕೈಪಿಡಿ. ಅವು ಬಿಗಿಮುಷ್ಟಿಯ ಕೈಪಿಡಿಗಳೇ. ಆದರೂ ಕಲೆಕ್ಟರ ಕಚೇರಿಯ ನೆನಪಾಗಿ ಉಳಿದವು.

ಇಲ್ಲೊಂದು ಮಜಾ ಇದೆ. 1963ರಲ್ಲಿ ಮಹಾರಾಷ್ಟ್ರ ಸರಕಾರ ಒಂದು ಕಾನೂನು ಮಾಡಿತು. ಏನಂತ? ರಾಜ್ಯದ ಕಾನೂನುಗಳಲ್ಲಿ 'ಕ್ಷಾಮ' ಅನ್ನೋ ಪದವನ್ನೇ ತೆಗೆದುಹಾಕಿ 'ಅಭಾವ' ಅಂತ ಓದಿಕೊಳ್ಳಬೇಕು ಅಂತ! ನಮ್ಮಲ್ಲಿ ಇನ್ನು ಕ್ಷಾಮ ಬರೋದಿಲ್ಲ ಅನ್ನೋ ಧೈರ್ಯ. ಹತ್ತು ವರ್ಷ ತುಂಬುವ ಮೊದಲೇ 1972 ಬಂತು. ವಿಜಯಪುರದ ಕಡೆ ಈಗಲೂ ಮುದುಕರು ಬಾಯಿಗೆ ತಂದುಕೊಳ್ಳುವ ಬರ ಅದು. ಪದ ಹೋಗಿತ್ತು, ಕೈಪಿಡಿ ಪುಣ್ಯಕ್ಕೆ ಉಳಿದಿತ್ತು. ಕಾಮಗಾರಿಗಳು ತೆರೆದವು, 1973ರ ಬೇಸಿಗೆಯ ಹೊತ್ತಿಗೆ ಸುಮಾರು 50 ಲಕ್ಷ ಜನ ಕೆಲಸದಲ್ಲಿದ್ದರು. ಸಂಕಟ ಬಹಳ ಇತ್ತು, ಆದರೆ 1877ರ ಹಾಗೆ ಹೆಣಗಳು ಬೀಳಲಿಲ್ಲ. ಸಾಂಗ್ಲಿ ಜಿಲ್ಲೆಯ ವಿ.ಎಸ್. ಪಾಗೆ ಅವರು ಅದಕ್ಕೂ ಮೊದಲೇ ಒಂದು ಯೋಚನೆ ಹಿಡಕೊಂಡು ಕೂತಿದ್ದರು. ಬರ ಬಂದಾಗ ಮಾತ್ರ ಕೆಲಸ ಕೊಡೋದೇಕೆ, ಕೇಳಿದವನಿಗೆ ಯಾವಾಗಲೂ ಕೊಡೋಣ ಅಂತ. ಅದು ಉದ್ಯೋಗ ಖಾತರಿ ಯೋಜನೆಯಾಯಿತು, 1977ರಲ್ಲಿ ಕಾನೂನಾಯಿತು, 2005ರಲ್ಲಿ ಇಡೀ ದೇಶದ ಕಾನೂನಾಗಿ ದೆಹಲಿಯಿಂದ ಹೊರಬಿತ್ತು.

ಆ 2005ರ ಕಾನೂನಿನಲ್ಲಿ ಕೆಲಸ ಹಳ್ಳಿಯಿಂದ 5 ಕಿಲೋಮೀಟರ್ ಒಳಗೆ ಸಿಗಬೇಕು, ದೂರವಾದರೆ ಕೂಲಿ ಶೇ. 10 ಜಾಸ್ತಿ ಕೊಡಬೇಕು, 15 ದಿನದಲ್ಲಿ ಕೆಲಸ ಸಿಗದಿದ್ದರೆ ಭತ್ಯೆ ಕೊಡಬೇಕು ಅಂತ ಬರೆದರು. ಟೆಂಪಲ್ ಸಾಹೇಬರ ದೂರದ ಕ್ಯಾಂಪನ್ನು ಪಕ್ಕದಲ್ಲಿಟ್ಟು ಇದನ್ನು ಓದಿ ನೋಡಿ. ಪರೀಕ್ಷೆಗೆ ಓದುವ ಹುಡುಗನಿಗೆ ಆ '5 ಕಿಲೋಮೀಟರ್' ಒಂದು ಅಂಕಿ ಅಷ್ಟೇ. ಅದರ ಹಿಂದೆ ನಡೆದು ನಡೆದು ಸತ್ತವರಿದ್ದಾರೆ. ಹಾಂ, ಇನ್ನೊಂದು. ನಿಮ್ಮ ಮನೆಯವರ ಸಂಬಳದಿಂದ ತಿಂಗಳಿಗೆ 200 ರೂಪಾಯಿ ಪ್ರೊಫೆಷನಲ್ ಟ್ಯಾಕ್ಸ್ ಕಟ್ ಆಗುತ್ತದಲ್ಲ, ಆ ತೆರಿಗೆಯನ್ನು ಮಹಾರಾಷ್ಟ್ರ 1975ರಲ್ಲಿ ತಂದದ್ದೇ ಈ ಯೋಜನೆಗೆ ದುಡ್ಡು ಹೊಂದಿಸೋಕೆ. ಪ್ರತಿ ತಿಂಗಳು ಬರಗಾಲದ ಇತಿಹಾಸಕ್ಕೆ ನೀವೂ ವಂತಿಗೆ ಕೊಡುತ್ತಿದ್ದೀರಿ.

ಗೋವಾದ್ದು ಒಂದು ಹೇಳಿಬಿಡುತ್ತೇನೆ, ಇದು ಬೇರೆ ಜಾತಿಯದ್ದು. ಅಲ್ಲಿ ಖಾಜನ್ ಅಂತ ಜಮೀನುಗಳಿವೆ. ನದಿಗೆ ಉಪ್ಪುನೀರು ನುಗ್ಗುವ ಕಡೆ ಏರಿ ಕಟ್ಟಿ, ಮಾನಸ್ ಅನ್ನುವ ಮರದ ತೂಬು ಕೂರಿಸಿ, ಒಳಗೆ ಭತ್ತ ಬೆಳೆಯೋದು. ಸಮುದ್ರದ ಉಬ್ಬರ ಬಂದಾಗ ಬಾಗಿಲು ತಾನೇ ಮುಚ್ಚುತ್ತದೆ, ಇಳಿತದಲ್ಲಿ ತಾನೇ ತೆರೆಯುತ್ತದೆ. ಕುಮಟಾ, ಅಂಕೋಲಾ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಅಘನಾಶಿನಿ ದಂಡೆಯ ಗಜನಿ ಗದ್ದೆ, ಕಗ್ಗ ಭತ್ತ ಇದೇ ಕುಲದ್ದು. ಏರಿ ನೋಡಿಕೊಳ್ಳುವ ಕೆಲಸ ಗಾಂವಕರಿಯದ್ದು, ಪೋರ್ಚುಗೀಸರ ಬಾಯಲ್ಲಿ ಕೊಮುನಿದಾದ್. ಪೋರ್ಚುಗೀಸರು ಬರುವ ಮೊದಲಿನಿಂದ ಇದ್ದ ಊರ ಸಂಸ್ಥೆ ಅದು. 1961ರ ನಂತರ ಗೇಣಿ ಕಾನೂನು ಬಂತು, 1976ರ ತಿದ್ದುಪಡಿಯಲ್ಲಿ ಉಳುವವನೇ ಒಡೆಯನಾದ. ಇದು ತಪ್ಪು ಅಂತ ನಾನು ಹೇಳೋದಿಲ್ಲ. ಗಾಂವಕರಿಯಲ್ಲಿ ಎಲ್ಲರೂ ಸಮ ಇರಲಿಲ್ಲ, ಉತ್ತವನಿಗೆ ನೆಲ ಸಿಕ್ಕಿದ್ದು ನ್ಯಾಯವೇ. ಆದರೆ ಹಳೇ ಸಂಸ್ಥೆ ಗೇಣಿ ಎತ್ತೋದರ ಜೊತೆಗೆ ಏರಿಯ ಮಣ್ಣನ್ನೂ ಕಾಯುತ್ತಿತ್ತು. ಆ ಎರಡನೇ ಕೆಲಸ ಗೇಣಿದಾರರ ಸಂಘಗಳ ಪಾಲಿಗೆ ಬಂತು. ಸಂಘಗಳಿಗೆ ತೂಬಿನ ಬಾಯಲ್ಲಿ ಮೀನು ಹಿಡಿಯುವ ಹರಾಜಿನ ದುಡ್ಡು ರುಚಿಸಿತು, ಏರಿಯ ದುರಸ್ತಿ ರುಚಿಸಲಿಲ್ಲ. ಎಷ್ಟೋ ಕಡೆ ಏರಿ ಒಡೆಯಿತು, ಕೆಲವು ಕಡೆ ಒಡೆಸಿದರು, ಗದ್ದೆಗೆ ಉಪ್ಪುನೀರು ಬಂತು. ಒಂದು ಹಳೇ ಸಂಸ್ಥೆಯನ್ನು ತೆಗೆಯುವ ಮುಂಚೆ ಅದು ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಗಳ ಪಟ್ಟಿ ಮಾಡಬೇಕು. ಆ ಪಟ್ಟಿ ಹಳೇ ಲೆಕ್ಕದ ಪುಸ್ತಕಗಳಲ್ಲಿ ಇರುತ್ತದೆ, ಸರ್ವೆ ಫಾರ್ಮಿನಲ್ಲಿ ಇರೋದಿಲ್ಲ.

ಮುಂಬೈ ನೆರೆ ಬಗ್ಗೆ ಜಾಸ್ತಿ ಹೇಳೋದಿಲ್ಲ, ನೀವೇ ಅನುಭವಿಸಿದ್ದೀರಿ. ಗಂಟೆಗೆ 25 ಮಿಲಿಮೀಟರ್ ಮಳೆಗೆ ಅಂತ ಕಟ್ಟಿದ ಬ್ರಿಟಿಷರ ಕಾಲದ ಗಟಾರಗಳು. 1985ರ ನೆರೆಯ ನಂತರ ಅಧ್ಯಯನ ಮಾಡಿಸಿ, 1993ರಲ್ಲಿ ವರದಿ ಕೈಗೆ ಬಂದರೂ, ಕೆಲಸ ಕುಂಟುತ್ತಾ ಇತ್ತು. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಸುರಿಯಿತು. ಇಲ್ಲಿ ಇತಿಹಾಸ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ, ಗೊತ್ತಿದ್ದೂ ಕಡತ ಕಟ್ಟಿಟ್ಟರು. ನನಗೂ ಇಂಥದ್ದೊಂದು ಅನುಭವ ಇದೆ. ವರ್ಷಗಳ ಹಿಂದೆ ಒಂದು ಕಚೇರಿಯ ಸಭೆಗೆ ಕರೆದಿದ್ದರು, ಹೊಸ ರಸ್ತೆಯ ವಿಷಯ. ಆ ಜಾಗದಲ್ಲಿ ಹಳ್ಳ ಇದ್ದದ್ದು ತೋರಿಸುವ ಹಳೇ ನಕ್ಷೆಯ ಝೆರಾಕ್ಸ್ ಹಿಡಕೊಂಡು ಹೋಗಿದ್ದೆ. ಅಧಿಕಾರಿ ನೋಡಿ, "ಚೆನ್ನಾಗಿದೆ ಸರ್, ಫ್ರೇಮ್ ಹಾಕಿಸಬಹುದು" ಅಂದರು. ಚಹಾ ಮಾತ್ರ ಒಳ್ಳೇದಿತ್ತು. ಈಗ ಪ್ರತಿ ಜುಲೈಯಲ್ಲೂ ಆ ರಸ್ತೆಯಲ್ಲಿ ಮೊಣಕಾಲುದ್ದ ನೀರು.

ಇನ್ನು ನಿಮ್ಮ ವಾಟ್ಸಾಪ್ ಜಗಳ. ಅಲ್ಲಿ ನಡೆಯೋದು ಇತಿಹಾಸವನ್ನು ಹಕ್ಕುಪತ್ರದ ಹಾಗೆ ಬೀಸೋದು. ಬೆಳಗಾವಿ ವಿಷಯ ಎತ್ತಿ ನೋಡಿ. ಒಬ್ಬರು ಕದಂಬರ ಶಾಸನ ತರುತ್ತಾರೆ, ಇನ್ನೊಬ್ಬರು ಪೇಶ್ವೆಗಳ ಕಾಗದ ತರುತ್ತಾರೆ, 1967ರ ಮಹಾಜನ್ ವರದಿಯನ್ನು ಆಚೆ ಈಚೆ ಎಳೆಯುತ್ತಾರೆ. ನಾನು ಕನ್ನಡಿಗ, ನನಗೂ ಒಂದು ಪಕ್ಷ ಇದೆ, ಮುಚ್ಚಿಡೋದಿಲ್ಲ. ಆದರೆ ಆ ವಾದದಿಂದ ಗಡಿಯ ಹಳ್ಳಿಯ ಒಂದು ಶಾಲೆಗೆ ಮೇಷ್ಟ್ರು ಬಂದಿದ್ದು ನಾನು ಕಂಡಿಲ್ಲ. ನಾನು ಈವರೆಗೆ ಹೇಳಿದ ಇತಿಹಾಸ ಬೇರೆ ತರದ್ದು. ಯಾರ ಅಜ್ಜ ದೊಡ್ಡವನು ಅನ್ನೋದಕ್ಕೆ ಅದು ಉತ್ತರ ಕೊಡೋದಿಲ್ಲ, ಹೋದ ಸಲ ಹೀಗೆ ಮಾಡಿದಾಗ ಯಾರಿಗೆ ಏನಾಯಿತು ಅಂತ ಮಾತ್ರ ಹೇಳುತ್ತದೆ. ಬೇಜಾರಿನ ಕೆಲಸ, ಫಾರ್ವರ್ಡ್ ಮಾಡೋ ಹಾಗೂ ಇರೋದಿಲ್ಲ.

ಎಚ್ಚರವೂ ಬೇಕು. 2020 ಅಂದರೆ 1897 ಅಲ್ಲ. ಪ್ಲೇಗಿಗೆ ಇಲಿ, ಚಿಗಟ, ಕೊರೋನಕ್ಕೆ ಉಸಿರು. ಅಂದಿನ ಸರಕಾರ ಪರರದ್ದು, ಇಂದಿನದು ನಾವೇ ಓಟು ಹಾಕಿದ್ದು. ಹೋಲಿಕೆ ಮಾಡುವಾಗ ಎಲ್ಲಿ ಹೊಂದುತ್ತದೆ ಅನ್ನೋದಕ್ಕಿಂತ ಎಲ್ಲಿ ಹೊಂದೋದಿಲ್ಲ ಅಂತ ಮೊದಲು ಬರೆದುಕೊಳ್ಳಬೇಕು, ನಾನು ಮಕ್ಕಳಿಗೆ ಅದನ್ನೇ ಹೇಳಿ ಬರೆಸುತ್ತಿದ್ದೆ. ಮತ್ತೆ, ಹಳೇ ದಾಖಲೆ ಬರೆದವರು ಹೆಚ್ಚಾಗಿ ಅಧಿಕಾರಿಗಳು. ಪ್ಲೇಗಿನ ಕಡತಗಳಲ್ಲಿ ಜನ ಮನೆಯಲ್ಲಿ ರೋಗಿಯನ್ನು ಬಚ್ಚಿಟ್ಟದ್ದಕ್ಕೆ ಕಾರಣ 'ಅಜ್ಞಾನ'. ಮನೆ ಬಾಗಿಲಲ್ಲಿ ಬೂಟುಗಾಲು ನಿಂತಿತ್ತು ಅನ್ನೋದನ್ನು ನಾವೇ ಸೇರಿಸಿ ಓದಬೇಕು. ಡೇಟಾ ಬೇಡ ಅಂತಲೂ ನಾನು ಹೇಳುತ್ತಿಲ್ಲ. 50 ಲಕ್ಷ ಅನ್ನೋದು ಡೇಟಾನೇ ತಾನೇ. ಅದು ಯಾಕೆ ಅಲ್ಲಿ ಬಂದು ನಿಂತಿತು ಅಂತ ಕೇಳೋಕೆ ಮಾತ್ರ ಇನ್ನೊಂದು ಪೇಪರ್ ಬೇಕು.

ಮಗನಿಗೆ ಒಂದು ಮಾತು ಹೇಳಿ. ಪೇಪರಿಗೆ ನೋಟ್ಸ್ ಉರು ಹೊಡೆಯೋದು ಬೇಡ. ಯಾವುದಾದರೂ ಒಂದೇ ಒಂದು ನಿಯಮ ಹಿಡೀಲಿ, ಅದು ಹುಟ್ಟಿದ ವರ್ಷದ ವಿಧಾನಸಭೆಯ ಚರ್ಚೆ ಓದಲಿ. ಯಾರು ವಿರೋಧಿಸಿದರು, ಏನಂತ ವಿರೋಧಿಸಿದರು ಅನ್ನೋದನ್ನು ವಿಶೇಷವಾಗಿ ನೋಡಲಿ, ಸೋತವರ ಭಾಷಣದಲ್ಲಿ ಮುಂದೆ ಆಗಿದ್ದೆಲ್ಲ ಎಷ್ಟೋ ಸಲ ಮೊದಲೇ ಇರುತ್ತದೆ. ಅವನು ಪುಣೆಯಲ್ಲೇ ಇದ್ದಾನಲ್ಲ, ಗೋಖಲೆ ಇನ್‌ಸ್ಟಿಟ್ಯೂಟಿನ ಲೈಬ್ರರಿ ಅಲ್ಲೇ ಇದೆ, ಪೇಶ್ವೆ ದಫ್ತರ ಅನ್ನೋ ಹಳೇ ಕಡತಗಳ ಭಂಡಾರ ಅಲ್ಲೇ ಇದೆ. ರಜೆಗೆ ಮನೆಗೆ ಬಂದಾಗ ಕಾಲಾಘೋಡಾದ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿ ರಾಜ್ಯ ಪತ್ರಾಗಾರ ಇದೆ. ಲಾಲ್‌ಬಾಗಿನಿಂದ ಬಸ್ಸಲ್ಲಿ ಹೋಗಬಹುದು.

ಯಾವ ನಿಯಮ ಅಂತ ಹುಡುಕಾಡೋದೂ ಬೇಡ. ನಿಮ್ಮ ಬಾಡಿಗೆಯದ್ದೇ ಆಗಲಿ. ಮಾವನವರ ಟ್ರಂಕಿನಲ್ಲಿ ಹಳೇ ರಸೀದಿಗಳಿದ್ದರೆ ತೆಗೆದು ಅವನ ಕೈಗೆ ಕೊಡಿ, ಪಗಡಿ ಕೊಟ್ಟದ್ದಕ್ಕೆ ಚೀಟಿ, ಸಾಕ್ಷಿ, ಡೈರಿಯಲ್ಲೊಂದು ಸಾಲು, ಏನಿದ್ದರೂ ಸರಿ. ಪೇಪರಿಗೂ ಆಯಿತು, ನಾಳೆ ಬಿಲ್ಡರ್ ಬಂದು ಕೂತಾಗ ಕಾಗದ ಬೇಕೇ ಬೇಕಲ್ಲ. ಟ್ರಂಕನ್ನು ಗುಜರಿಗೆ ಹಾಕಿಲ್ಲ ತಾನೇ?